ಮುಲಾಮು ಹಚ್ಚಿದರೆ ಧೂಳು ಹೋಗಲ್ಲ

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಸರ್ ಎಂ.ವಿ. ಫೋಟೋಗೆ ಹಾರ ಹಾಕ್ತೀವಿ. ಅವರು ಕಟ್ಟಿ ಬೆಳೆಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದ್ದು ಇಲ್ಲೇ, ಭದ್ರಾವತಿಯಲ್ಲಿ. ಇವತ್ತು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯ ಮಾಚೇನಹಳ್ಳಿಯಲ್ಲೂ ಫೌಂಡ್ರಿಗಳಿವೆ. ಮೆಕ್ಯಾನಿಕಲ್‌ನವರಿಗಂತೂ ಇದು ಹೊಸ ವಿಷಯವಲ್ಲ.

ಫೌಂಡ್ರಿ ಅಂದ್ರೆ ನಮಗೆ ಮೌಲ್ಡ್, ಕೋರ್, ಕಾಸ್ಟಿಂಗ್ ಡಿಫೆಕ್ಟ್. ಅಲ್ಲಿ ದುಡಿಯುವವರ ಮೈಗೆ ಅದು ಮರಳು, ಬೆಂಟೋನೈಟ್, ಕಲ್ಲಿದ್ದಲ ಪುಡಿ. ಬೆವರಿನ ಜೊತೆ ಸೇರಿ ಗ್ಲೌಸ್ ಒಳಗೆ, ಕಾಲರ್ ಅಡಿಯಲ್ಲಿ, ಸೊಂಟದ ಸುತ್ತ ಇಡೀ ಶಿಫ್ಟ್ ಉಜ್ಜುತ್ತಲೇ ಇರುತ್ತೆ. ಕೋರ್ ಶಾಪಿನ ಫೀನಾಲ್-ಫಾರ್ಮಾಲ್ಡಿಹೈಡ್ ರಾಳದ ಕಥೆ ಇನ್ನೂ ಕಷ್ಟ. ಅದಕ್ಕೆ ಒಮ್ಮೆ ಅಲರ್ಜಿ ಶುರುವಾದರೆ, ಆಮೇಲೆ ಚೂರು ತಾಗಿದರೂ ತುರಿಕೆ ಮರಳಿ ಬರುತ್ತೆ.

ಗುತ್ತಿಗೆ ಕೆಲಸದವರು ಆಸ್ಪತ್ರೆಗೆ ಅಂತ ರಜೆ ಹಾಕಿದರೆ ಆ ದಿನದ ಕೂಲಿ ಹೋಯ್ತು. ಹಾಗಾಗಿ ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಮುಲಾಮೇ ಸುಲಭದ ದಾರಿ. ಎರಡು ದಿನ ತುರಿಕೆ ಅಡಗುತ್ತೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತೆ. ಮಸಿ ಬಿಡಿಸಲು ಸೀಮೆಎಣ್ಣೆ, ಥಿನ್ನರ್ ಬಳಸಿದರೆ ಚರ್ಮದ ಜಿಡ್ಡೂ ಹೋಗಿ ಬಿರುಕು ಬಿಡುತ್ತೆ. ರಜೆಯಲ್ಲಿ ಕಡಿಮೆಯಾಗಿ ಕೆಲಸಕ್ಕೆ ಬಂದ ಕೂಡಲೇ ಹೆಚ್ಚಾಗುವ ತುರಿಕೆ ಮೈಯಿಂದ ಬಂದದ್ದೋ ಕೆಲಸದಿಂದ ಬಂದದ್ದೋ ಅಂತ ಯೋಚಿಸಬೇಕಲ್ವಾ?

ಇದಕ್ಕೆ ಪರಿಹಾರ ಇಲ್ಲ ಅನ್ನೋದು ಸುಳ್ಳು. ಸಿಮೆಂಟ್ ಕೆಲಸದವರ ಕೈಗೆ ಅಲರ್ಜಿ ತರುವುದು ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ. ನೀರಿನಲ್ಲಿ ಕರಗುವ ಆ ಕ್ರೋಮಿಯಂ 2 ಪಿಪಿಎಂ ಮೀರಬಾರದು ಅಂತ ಯುರೋಪಿಯನ್ ಒಕ್ಕೂಟ 2005ರಲ್ಲಿ ನಿಯಮ ಜಾರಿಗೆ ತಂತು. ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸಿದರೆ ಆ ಮಿತಿಯೊಳಗೆ ಇಳಿಯುತ್ತೆ. ಎಷ್ಟು ಸರಳವಾದ ಕೆಮಿಸ್ಟ್ರಿ ನೋಡಿ!

2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಸುಮ್ಮನಿರಲಿಲ್ಲ. ಕೆಮಿಕಲ್ ತಾಗಿ ಬರುವ ಚರ್ಮರೋಗ ಅದರ ಮೂರನೇ ಶೆಡ್ಯೂಲಿನಲ್ಲಿ, ಅಂದರೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿತ್ತು. ಧೂಳನ್ನು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಎಳೆದು ಹೊರಹಾಕುವ ವ್ಯವಸ್ಥೆ ಬೇಕು ಅನ್ನುತ್ತಿತ್ತು ಅದರ 14ನೇ ಸೆಕ್ಷನ್. ಈ ಕೆಲಸ ಡಾಕ್ಟರದ್ದಲ್ಲ, ಎಂಜಿನಿಯರದ್ದು. ಹುಡ್ ಎಲ್ಲಿ ಕೂರಿಸಬೇಕು, ಡಕ್ಟ್ ಎಷ್ಟು ಅಗಲ, ಫ್ಯಾನ್ ಎಷ್ಟು ಗಾಳಿ ಎಳೆಯಬೇಕು ಅನ್ನೋ ಲೆಕ್ಕ ನಮ್ಮ ಸಿಲಬಸ್ಸಿನಲ್ಲೇ ಇದೆ. ಮೊದಲು ಧೂಳು ತಡೆಯಬೇಕು, ಗ್ಲೌಸ್ ಏನಿದ್ದರೂ ಕೊನೆಗೆ.

ಫೈನಲ್ ಇಯರ್ ಪ್ರಾಜೆಕ್ಟ್ ಟಾಪಿಕ್ ಸಿಗ್ತಿಲ್ಲ ಅನ್ನುವವರಿಗೆ ಮಾಚೇನಹಳ್ಳಿ ದೂರವಿಲ್ಲ. ಮುಂದಿನ ಇಂಡಸ್ಟ್ರಿಯಲ್ ವಿಸಿಟ್‌ನಲ್ಲಿ ಫರ್ನೇಸ್ ಟೆಂಪರೇಚರ್ ಜೊತೆಗೆ ಇದನ್ನೂ ಕೇಳೋಣ: ಕೈ ತೊಳೆಯೋ ಜಾಗ ಎಲ್ಲಿದೆ, ಅಲ್ಲಿ ಸೋಪು ಇದೆಯಾ?