ಪಟ್ಟಿಯಲ್ಲಿ ಹೆಸರಿದೆಯೇ? ಸಹಿ ಹಾಕುವ ಮುನ್ನ ನೋಡಿ

ನಂಜನಗೂಡು ತಾಲ್ಲೂಕಿನ ಕವಲಂದೆ ಹೋಬಳಿಯಲ್ಲಿ ಕೊಳವೆ ಬಾವಿಯನ್ನೇ ನಂಬಿ ಬಾಳೆ, ಅರಿಶಿನ, ತರಕಾರಿ ಬೆಳೆಯುವ ರೈತರಿಗೆ ಹನಿ ನೀರಾವರಿಯ ಪ್ರಯೋಜನವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹೇಳಬೇಕಾದ ಮಾತು ಬೇರೆಯೇ ಇದೆ. ಅದು ಪೈಪು ಮಾರುವವರನ್ನು ಕುರಿತದ್ದು.

ಕಳೆದ ಬೇಸಿಗೆಯಲ್ಲಿ ಆ ಕಡೆಯ ಬಾಳೆ ತೋಟವೊಂದನ್ನು ನೋಡಲು ಹೋಗಿದ್ದೆ. ಹಾಸಿದ್ದ ಪೈಪು ಅಲ್ಲಲ್ಲಿ ಸೀಳಿತ್ತು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಸಹಾಯಧನದ ಅರ್ಜಿ ವಾಪಸು ಬಂದಿತ್ತು. ಪೈಪು ಕೊಟ್ಟ ಸಂಸ್ಥೆಯ ಹೆಸರು ಇಲಾಖೆಯ ಪಟ್ಟಿಯಲ್ಲಿ ಇರಲೇ ಇಲ್ಲ. "ಸರ್ಕಾರದಲ್ಲಿ ರಿಜಿಸ್ಟರ್ ಆಗದೆ ಅಂದ್ರು ಸಾರ್, ನಂಬಿ ಸೈನ್ ಹಾಕ್ಬುಟ್ಟೆ" ಎಂದರು ಆ ರೈತರು. ಏಜೆಂಟರು ಕೊಟ್ಟಿದ್ದ ಕಾರ್ಡನ್ನು ತೋರಿಸಿದರು. ಅದರಲ್ಲಿ ನೋಂದಣಿ ಸಂಖ್ಯೆಯೂ ಇತ್ತು. ಆದರೆ ಅದು ಜಿ.ಎಸ್.ಟಿ. ಸಂಖ್ಯೆ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಹಾಗೆಯೇ ನೋಂದಣಿ ಎಂಬುದೆಲ್ಲ ಒಂದೇ ಅಲ್ಲ. ಈ ಒಂದು ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿವೆ. ಇವನ್ನು ಬಿಡಿಸಿ ತಿಳಿಯುವುದು ಅವಶ್ಯಕ.

ಮೊದಲನೆಯದು ಜಿ.ಎಸ್.ಟಿ. ನೋಂದಣಿ. ಇದು 15 ಅಂಕಿ-ಅಕ್ಷರಗಳ ತೆರಿಗೆ ಸಂಖ್ಯೆ. ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ. ವ್ಯಾಪಾರಿ ತೆರಿಗೆಯ ಲೆಕ್ಕದಲ್ಲಿ ಇದ್ದಾನೆ ಎಂಬುದಷ್ಟೇ ಇದರ ಅರ್ಥ.

ಎರಡನೆಯದು ಸರ್ಕಾರದ ಟೆಂಡರು ಜಾಲತಾಣದಲ್ಲಿನ ನೋಂದಣಿ. ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆ ಇರಲೆಂದು ನಮ್ಮ ರಾಜ್ಯವು 1999ರಲ್ಲಿ ಕಾಯಿದೆಯನ್ನು ಮಾಡಿತು. ಇಂದು ಕೆ.ಪಿ.ಪಿ.ಪಿ. ಎಂಬ ಜಾಲತಾಣದ ಮೂಲಕ ಟೆಂಡರುಗಳು ನಡೆಯುತ್ತವೆ. ಕೇಂದ್ರ ಸರ್ಕಾರದ ಖರೀದಿಗೆ 2016ರಿಂದ 'ಜೆಮ್' ಇದೆ. ಇವುಗಳಲ್ಲಿ ಹೆಸರು ದಾಖಲಿಸಿದವರಿಗೆ ಟೆಂಡರಿನಲ್ಲಿ ಭಾಗವಹಿಸಲು, ಸರ್ಕಾರಕ್ಕೆ ಮಾರಲು ಅವಕಾಶ ದೊರೆಯುತ್ತದೆ. ಅಷ್ಟರಿಂದಲೇ ಅವರನ್ನು ಸರ್ಕಾರ ಆಯ್ಕೆ ಮಾಡಿತು ಎನ್ನಲಾಗದು. ಸಂತೆಗೆ ಬಂದವರೆಲ್ಲರ ದನವೂ ಮಾರಾಟವಾಗುವುದಿಲ್ಲವಷ್ಟೆ.

ಮೂರನೆಯದು ಹನಿ ನೀರಾವರಿ ಯೋಜನೆಯಡಿ ಇಲಾಖೆ ಅನುಮೋದಿಸಿದ ತಯಾರಕರ ಪಟ್ಟಿ. ಸಹಾಯಧನಕ್ಕೆ ಬೇಕಾದದ್ದು ಇದು. ಕೇಂದ್ರ ಯೋಜನೆಯ ಪ್ರಕಾರ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಘಟಕ ವೆಚ್ಚದ ಶೇಕಡಾ 55, ಇತರರಿಗೆ ಶೇಕಡಾ 45 ಸಹಾಯ ಉಂಟು. ರಾಜ್ಯವು ತನ್ನ ಪಾಲನ್ನು ಅದಕ್ಕೆ ಸೇರಿಸುತ್ತದೆ. ಪಟ್ಟಿಯಲ್ಲಿರುವ ಯಾವ ಸಂಸ್ಥೆಯನ್ನಾದರೂ ಆರಿಸಿಕೊಳ್ಳುವ ಹಕ್ಕು ರೈತನದೇ ಹೊರತು ಏಜೆಂಟರದಲ್ಲ.

ನಾಲ್ಕನೆಯದು ಗುಣಮಟ್ಟದ ಪರವಾನಗಿ, ಅಂದರೆ ಐ.ಎಸ್.ಐ. ಗುರುತು. ಲ್ಯಾಟರಲ್ ಪೈಪಿಗೆ ಐ.ಎಸ್. 12786, ಇನ್‌ಲೈನ್ ಪೈಪಿಗೆ ಐ.ಎಸ್. 13488 ಎಂದು ಪೈಪಿನ ಮೇಲೆಯೇ ಅಚ್ಚಾಗಿರಬೇಕು. ಜೊತೆಗೆ 'ಸಿ.ಎಂ./ಎಲ್.' ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯಿರುತ್ತದೆ. 'ಬಿಐಎಸ್ ಕೇರ್' ಎಂಬ ಮೊಬೈಲ್ ಆ್ಯಪ್‌ನಲ್ಲಿ ಈ ಸಂಖ್ಯೆಯನ್ನು ಹಾಕಿದರೆ ಅದು ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಪೈಪಿನ ಕಪ್ಪು ಬಣ್ಣ ಅಂದಕ್ಕಾಗಿ ಅಲ್ಲ. ಬಿಸಿಲಿನ ಕಿರಣಗಳಿಂದ ಪ್ಲಾಸ್ಟಿಕ್ ಹಾಳಾಗದಂತೆ ಅದರಲ್ಲಿ ಕಾರ್ಬನ್ ಬೆರೆಸಿರುತ್ತಾರೆ. ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ ಕಳಪೆ ಪೈಪು ಕಣ್ಣಿಗೆ ಕಪ್ಪಾಗಿಯೇ ಕಂಡರೂ ಬಿಸಿಲಿಗೆ ಬೇಗ ಸೀಳುತ್ತದೆ.

ಆದ್ದರಿಂದ ಮೂರನೆಯ ಪಟ್ಟಿಯಲ್ಲಿ ಹೆಸರಿದ್ದು, ಪೈಪಿನ ಮೇಲೆ ನಾಲ್ಕನೆಯ ಗುರುತೂ ಇದ್ದರೆ ಮಾತ್ರ ಮುಂದುವರಿಯಿರಿ. ಇಲಾಖೆಯ ಕಾರ್ಯಾದೇಶ ಕೈಸೇರುವ ತನಕ ಪೈಪು ಇಳಿಸಿಕೊಳ್ಳಬೇಡಿ. ಖಾಲಿ ಅರ್ಜಿಗೆ ಸಹಿ ಹಾಕಬೇಡಿ. ಬಿಲ್ಲನ್ನು ಕೇಳಿ ಪಡೆಯಿರಿ. ಮಾರಾಟದ ನಂತರ 3 ವರ್ಷ ಸೇವೆ ನೀಡುವುದು ತಯಾರಕರ ಹೊಣೆ ಎಂಬುದನ್ನೂ ನೆನಪಿಡಿ. ಒಮ್ಮೆ ಸಹಾಯಧನ ಪಡೆದ ಜಮೀನಿಗೆ ಮತ್ತೆ ಸಿಗಬೇಕಾದರೆ 7 ವರ್ಷ ಕಾಯಬೇಕು. ಎರಡನೆಯ ಬೇಸಿಗೆಗೇ ಪೈಪು ಸೀಳಿದರೆ ಉಳಿದ ವರ್ಷಗಳ ಭಾರವೆಲ್ಲ ರೈತನ ಹೆಗಲಿಗೇ ಬೀಳುತ್ತದೆ.

ರೈತರಿಗೆ ಇಷ್ಟು ಬುದ್ಧಿ ಹೇಳಿ ನಾವು ಸುಮ್ಮನಾಗುವುದು ನ್ಯಾಯವಲ್ಲ. ಪಟ್ಟಿಗಳು ಕಂಪ್ಯೂಟರಿನಲ್ಲಿವೆ, ನೋಡಿಕೊಳ್ಳಲಿ ಎನ್ನುವುದು ಸುಲಭ. ಹೊಲದ ಬದುವಿನ ಮೇಲೆ ನಿಂತು ಇಂಗ್ಲಿಷ್ ಹೆಸರುಗಳ ಉದ್ದನೆಯ ಕಡತವನ್ನು ಮೊಬೈಲಿನಲ್ಲಿ ಹುಡುಕುವುದು ಎಷ್ಟು ಜನರಿಂದ ಸಾಧ್ಯ? 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಕಲಮು ಮಾಹಿತಿಯನ್ನು ಕೇಳುವ ಮುನ್ನವೇ ಪ್ರಕಟಿಸಬೇಕೆಂದು ಹೇಳುತ್ತದೆ. ಸ್ಥಳೀಯ ಭಾಷೆಯನ್ನೂ ಸೂಚನಾ ಫಲಕವನ್ನೂ ಅದು ಹೆಸರಿಸಿದೆ. ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಅನುಮೋದಿತ ತಯಾರಕರ ಹೆಸರು, ಅವರ ಅಧಿಕೃತ ಮಾರಾಟಗಾರರು, ದರ, ಪಟ್ಟಿಯ ಅವಧಿ ಇವಿಷ್ಟನ್ನು ಕನ್ನಡದಲ್ಲಿ ಬರೆಸಿದರೆ ಖರ್ಚು ಒಂದು ಡಬ್ಬಿ ಬಣ್ಣದ್ದು. ಪಟ್ಟಿಯಿಂದ ಕೈಬಿಟ್ಟವರ ಹೆಸರನ್ನೂ ಪಕ್ಕದಲ್ಲೇ ಬರೆಯಬೇಕೆಂಬುದು ನನ್ನ ಅಭಿಪ್ರಾಯ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ರೈತ ಬಾಂಧವರು ಸಹಿ ಹಾಕುವ ಮುನ್ನ ಒಂದು ದಿನ ತಡೆದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಪಟ್ಟಿಯನ್ನು ಕೇಳಲಿ. ಹತ್ತು ಜನ ಕೇಳಿದರೆ ಹನ್ನೊಂದನೆಯವನು ಬರುವ ವೇಳೆಗೆ ಅದು ಗೋಡೆಯ ಮೇಲೆ ಬಂದಿರುತ್ತದೆ.