ಕಂದಕ ತೋಡಿದವರಾರು?

ಅಮೆರಿಕದ ಕೊಳಲುವಾದಕ ಹ್ಯೂಬರ್ಟ್ ಲಾಸ್ ಅವರ ಮಾತು ಬಂದಾಗಲೆಲ್ಲ ಒಂದು ಹೊಗಳಿಕೆ ಕೇಳಿಬರುತ್ತದೆ: ‘ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೂ ಜಾಜ್‌ಗೂ ಸೇತುವೆ ಕಟ್ಟಿದವರು.’ ಹೊಗಳಿಕೆಯೇನೋ ಸರಿಯೇ. ಆದರೆ ಮೊನ್ನೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಸಂಗೀತಾಭಿಮಾನಿ ಮಿತ್ರರೊಬ್ಬರು ಅದಕ್ಕೊಂದು ಬಾಲ ಸೇರಿಸಿದರು: ‘ಅಷ್ಟು ಶಾಸ್ತ್ರ ಕಲಿತವರು ಆ ಗದ್ದಲಕ್ಕೆ ಇಳಿಯಬೇಕಿತ್ತೇ?’ ಈ ‘ಇಳಿಯುವ’ ಮಾತಿಗೇ ನನ್ನ ತಕರಾರು.

1939ರಲ್ಲಿ ಟೆಕ್ಸಾಸಿನ ಹ್ಯೂಸ್ಟನ್ ನಗರದಲ್ಲಿ, ಕಪ್ಪು ಜನಾಂಗದ ಮನೆತನದಲ್ಲಿ ಹುಟ್ಟಿದ ಲಾಸ್ ಹದಿಹರೆಯದಲ್ಲೇ ಜಾಜ್ ತಂಡದಲ್ಲಿ ನುಡಿಸಿದವರು. ಆಮೇಲೆ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಜೂಲಿಯಸ್ ಬೇಕರ್ ಅವರಿಂದ ಪಾಠ ಹೇಳಿಸಿಕೊಂಡರು. ಮೆಟ್ರೊಪಾಲಿಟನ್ ಆಪೆರಾದ ವಾದ್ಯವೃಂದದಲ್ಲೂ ನುಡಿಸಿದರು. 1971ರ ‘ದ ರೈಟ್ ಆಫ್ ಸ್ಪ್ರಿಂಗ್’ ಧ್ವನಿಮುದ್ರಿಕೆಯಲ್ಲಿ ಸ್ಟ್ರಾವಿನ್ಸ್ಕಿ, ದೆಬ್ಯುಸಿ, ಬಾಖ್‌ರ ಕೃತಿಗಳನ್ನೇ ಎತ್ತಿಕೊಂಡು ಜಾಜ್ ವಾದಕರೊಡನೆ ಬೆಳೆಸಿದರು. ಎರಡು ವಿದ್ಯೆಗಳನ್ನು ಸಾಧಿಸಿದವನು ಒಂದರಿಂದ ಇನ್ನೊಂದಕ್ಕೆ ಇಳಿದನೆಂದರೆ ಅರ್ಥವೇನು?

ಬೆರಕೆಯೆಲ್ಲ ಸಾಧನೆಯಲ್ಲ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. 1975ರಲ್ಲಿ ಫ್ರಾನ್ಸಿನ ರಂಪಾಲ್ ನುಡಿಸಿದ ಬೋಲಿಂಗ್‌ರ ಸ್ವೀಟ್ ಬಹು ಜನಪ್ರಿಯವಾಯಿತು, ಇಂಪಾದ ಕೃತಿ. ಆದರೆ ಅಲ್ಲಿ ಕೊಳಲಿನ ಭಾಗವೆಲ್ಲ ಬರೆದಿಟ್ಟದ್ದು. ನಿಂತ ನಿಲುವಿನಲ್ಲಿ ಸ್ವರ ಹುಟ್ಟಿಸುವ ಹೊಣೆ ವಾದಕನದಲ್ಲ. ಲಾಸ್ ಹೊತ್ತದ್ದು ಆ ಹೊಣೆಯನ್ನು.

ಇನ್ನು, ಆಶುವಾದನ ಶಾಸ್ತ್ರಕ್ಕೆ ಹೊರಗಿನದೇ? ಪ್ರಷ್ಯದ ದೊರೆ ಫ್ರೆಡರಿಕನಿಗೆ ಕೊಳಲು ಕಲಿಸಿದ ಕ್ವಾಂಟ್ಸ್ 1752ರಲ್ಲಿ ಬರೆದ ಗ್ರಂಥದಲ್ಲಿ, ವಿಳಂಬಗತಿಯ ಭಾಗವನ್ನು ವಾದಕನೇ ಅಲಂಕರಿಸುವ ಬಗೆಯನ್ನು ವಿವರವಾಗಿ ಹೇಳಿದ್ದಾನೆ. ಬಾಖ್, ಮೊಟ್ಸಾರ್ಟ್, ಬೀಥೋವನ್ ಮೂವರೂ ಆಶುವಾದನಕ್ಕೆ ಹೆಸರಾದವರು. 19ನೆಯ ಶತಮಾನದಲ್ಲಿ ಅಚ್ಚಾದ ಹಾಳೆಯೇ ಪ್ರಮಾಣವಾಗುತ್ತ ಬಂದು ವಾದಕನ ಕಲ್ಪನೆ ಮೂಲೆಗೆ ಸರಿಯಿತು. ಮೊದಲ ಕಂದಕ ಇದು.

ಎರಡನೆಯದು ಮೈಬಣ್ಣದ್ದು. 1969ರಲ್ಲಿ ಆರ್ಟ್ ಡೇವಿಸ್, ಅರ್ಲ್ ಮ್ಯಾಡಿಸನ್ ಎಂಬಿಬ್ಬರು ಕಪ್ಪು ವಾದಕರು ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಮೇಲೆ ನಗರದ ಮಾನವ ಹಕ್ಕು ಆಯೋಗಕ್ಕೆ ದೂರಿತ್ತರು. ಕಾಯಂ ನೇಮಕದಲ್ಲಿ ಆರೋಪ ಸಿದ್ಧವಾಗಲಿಲ್ಲ; ಆದರೆ ತಾತ್ಕಾಲಿಕ ವಾದಕರನ್ನು ಕರೆಯುವುದರಲ್ಲಿ ತಾರತಮ್ಯ ನಡೆದಿದೆಯೆಂದು 1970ರಲ್ಲಿ ಆಯೋಗ ತೀರ್ಮಾನಿಸಿತು. ಒಂದು ಬಾಗಿಲನ್ನು ಅರ್ಧ ಮುಚ್ಚಿ, ಇನ್ನೊಂದು ಬಾಗಿಲಲ್ಲಿ ಕಂಡವರನ್ನು ‘ಇಳಿದರು’ ಎನ್ನುವುದು ಯಾವ ನ್ಯಾಯ?

ನಮಗಂತೂ ಈ ತಾತ್ಸಾರ ಸಲ್ಲದು. ನೆರವಲಿಗೆ, ಕಲ್ಪನಾಸ್ವರಕ್ಕೆ ತಲೆದೂಗುವ ನಾವು ಜಾಜ್‌ನವನ ಮನೋಧರ್ಮವನ್ನು ಗದ್ದಲವೆನ್ನುತ್ತೇವೆ! ಬೇರೆಯವರನ್ನೇಕೆ ದೂರಲಿ? ಪಂಪನಲ್ಲಿ ಮಾರ್ಗ-ದೇಶಿಗಳು ಬೆರೆತ ಬಗೆಯನ್ನು ತರಗತಿಯಲ್ಲಿ ಕೊಂಡಾಡುವ ನಾನೇ, ಸಂಜೆ ಮನೆಯಲ್ಲಿ ಮಗ ಜಾಜ್ ಹಾಕಿದರೆ ‘ನಿಲ್ಲಿಸೋ’ ಎಂದವನು. ಒಂದು ದಿನ ಅವನು ಲಾಸ್ ನುಡಿಸಿದ್ದನ್ನು ಹೆಸರು ಹೇಳದೆ ಕೇಳಿಸಿದ. ಯಾವ ಸ್ವರ ಬರೆದದ್ದು, ಯಾವುದು ಆಗ ಹುಟ್ಟಿದ್ದು ಎಂದು ಹೇಳಲಾರದೆ ಸುಮ್ಮನೆ ಕುಳಿತೆ.

2011ರಲ್ಲಿ ಅಮೆರಿಕ ಲಾಸ್ ಅವರಿಗೆ ‘ಜಾಜ್ ಮಾಸ್ಟರ್’ ಗೌರವವನ್ನಿತ್ತಿತು. ಸಂತೋಷ. ಆದರೆ ಸೇತುವೆ ಕಟ್ಟಿದವರಿಗೆ ಹಾರ ಹಾಕುವಾಗ, ಅದು ಬೇಕಾದದ್ದು ಯಾರಿಂದ ಎಂಬುದನ್ನೂ ಕೇಳಬೇಡವೇ? ನನ್ನ ಮಿತ್ರರು ಇದಕ್ಕೆ ಉತ್ತರ ಕೊಡಲಿ. ಆಮೇಲೆ ಅವರ ಪ್ರಶ್ನೆಯನ್ನು ವಿಚಾರಿಸೋಣ.