ಬ್ಲೇಡಿನ ಪಕ್ಕದಲ್ಲಿ ನಿಂತ ಮಕ್ಕಳು

ಮಿಕ್ಸಿ ತಿರುಗುತ್ತಿರುವಾಗ ಮಗು ಅದರ ಕಡೆ ಕೈ ಚಾಚಿದರೆ ನಮ್ಮ ಮನೆಗಳಲ್ಲಿ ರಂಪವೇ ಆಗುತ್ತದೆ. ಅಜ್ಜಿ ಕೂತಲ್ಲಿಂದಲೇ ಗದರುತ್ತಾರೆ, ಅಮ್ಮ ಓಡಿಬಂದು ಸ್ವಿಚ್ ಆರಿಸುತ್ತಾಳೆ. ಅದೇ ಮನೆಯ ಅಪ್ಪ ಭಾನುವಾರ ಸಂಜೆ ಬಡಾವಣೆಯ ಖಾಲಿ ಸೈಟಿಗೆ ರಿಮೋಟ್ ಹೆಲಿಕಾಪ್ಟರ್ ತಂದಿಟ್ಟು, ‘ಬಾ ಪುಟ್ಟಾ, ಹತ್ತಿರ ಬಾ, ಏನೂ ಆಗಲ್ಲ’ ಎಂದು ಅದೇ ಮಗುವನ್ನು ಕರೆದಾಗ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ಅಜ್ಜನಿಗೆ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ, ಅಕ್ಕಪಕ್ಕದ ಮಕ್ಕಳು ಸುತ್ತುಗಟ್ಟುತ್ತಾರೆ, ಅತ್ತೆ ಮೊಬೈಲ್ ಹಿಡಿದು ವಿಡಿಯೊ ಶುರುಮಾಡುತ್ತಾರೆ. ಮುಚ್ಚಳವಿರುವ ಗೇಣುದ್ದದ ಜಾರಿಗೆ ನಾವು ತೋರುವ ಭಯಭಕ್ತಿ, ಬಟಾಬಯಲಲ್ಲಿ ಅಲಗು ಬೀಸುವ ಯಂತ್ರದ ಮುಂದೆ ಎಲ್ಲಿಗೆ ಹೋಗುತ್ತದೆ? ಇದನ್ನು ಅಜ್ಞಾನ ಎಂದು ತೇಲಿಸುವಂತಿಲ್ಲ. ನಮಗೆ ಗೊತ್ತಿದೆ. ಗೊತ್ತಿದ್ದೂ ಮೋಜು ಕೆಡಬಾರದೆಂದು ಸುಮ್ಮನಿದ್ದೇವೆ.

ಗೊತ್ತಿಲ್ಲ ಎನ್ನುವವರು ಒಮ್ಮೆ ಲೆಕ್ಕ ಹಾಕಿ ನೋಡಲಿ. ಹವ್ಯಾಸಿಗಳು ‘700 ಕ್ಲಾಸ್’ ಎನ್ನುವ ಹೆಲಿಯ ಒಂದೊಂದು ಬ್ಲೇಡೂ 700 ಮಿಲಿಮೀಟರ್ ಆಸುಪಾಸಿನದು. ಅವು ಬೀಸುವ ವೃತ್ತದ ವ್ಯಾಸ ಒಂದೂವರೆ ಮೀಟರಿಗಿಂತ ಹೆಚ್ಚು. ನಿಮಿಷಕ್ಕೆ 2,000 ಸುತ್ತು ಅದಕ್ಕೆ ಸಾಮಾನ್ಯ ವೇಗ. ಅಂದರೆ ಕಾರ್ಬನ್ ಫೈಬರಿನ ಆ ಬ್ಲೇಡಿನ ತುದಿ ಗಂಟೆಗೆ 550 ಕಿಲೋಮೀಟರನ್ನೂ ಮೀರಿ ಓಡುತ್ತಿರುತ್ತದೆ. ಅಪಾಯ ಕಂಡು ಕೈ ಸ್ಪಂದಿಸಲು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಎರಡೂ ಬ್ಲೇಡುಗಳು ಸೇರಿ ಒಂದೇ ಜಾಗವನ್ನು ಹದಿನಾರು ಸಲ ಹಾದುಹೋಗಿರುತ್ತವೆ. ಬಾಲದ ಪುಟ್ಟ ಬ್ಲೇಡು ಇದರ ನಾಲ್ಕು ಪಟ್ಟಿಗೂ ಮಿಕ್ಕಿದ ವೇಗದಲ್ಲಿ ತಿರುಗುತ್ತದೆ. ಇಡೀ ಯಂತ್ರದ ತೂಕ ಸುಮಾರು ಐದು ಕಿಲೋ. ತಿರುಗುವ ಬ್ಲೇಡು ಕಣ್ಣಿಗೆ ಕಾಣುವುದು ತೆಳ್ಳನೆಯ ಮಬ್ಬಿನಂತೆ; ಮಗುವಿಗೆ ಅದರಾಚೆ ನಿಂತ ಅಪ್ಪ ಕಾಣುತ್ತಾನೆಯೇ ಹೊರತು ನಡುವಿನ ಅಲಗು ಕಾಣುವುದಿಲ್ಲ. ಈ ಗಣಿತ ಹತ್ತನೇ ತರಗತಿಯದು. ಬೆಂಗಳೂರಿನಂಥ ಊರಿನಲ್ಲಿ, ಎಂಜಿನಿಯರುಗಳೇ ತುಂಬಿರುವ ಬೀದಿಗಳಲ್ಲಿ, ಇದನ್ನು ಮಾಡಲು ಬಾರದವರಿಲ್ಲ. ಮಾಡಿದರೆ ಮಗುವನ್ನು ಹಿಂದಕ್ಕೆ ಕಳಿಸಬೇಕಾಗುತ್ತದೆಂದು ಮಾಡದವರಿದ್ದಾರೆ.

ಲೆಕ್ಕ ಸಾಲದಿದ್ದರೆ ನಡೆದದ್ದನ್ನೇ ನೋಡೋಣ. 2013ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಮಾದರಿ ವಿಮಾನದವರು ಸೇರುವ ಪಾರ್ಕಿನಲ್ಲೇ, ಹತ್ತೊಂಬತ್ತು ವರ್ಷದ ಹುಡುಗನೊಬ್ಬ ತಾನೇ ಹಾರಿಸುತ್ತಿದ್ದ ಹೆಲಿಕಾಪ್ಟರಿನ ಬ್ಲೇಡು ತಲೆಗೆ ಬಡಿದು ಸ್ಥಳದಲ್ಲೇ ಸತ್ತ. ಅವನು ಮೊನ್ನೆಮೊನ್ನೆ ಪೆಟ್ಟಿಗೆ ಬಿಚ್ಚಿದವನಲ್ಲ. ಕಸರತ್ತಿನ ಹಾರಾಟದಲ್ಲಿ ಪಳಗಿದ ಕೈ. 2015ರಲ್ಲಿ ಇಂಗ್ಲೆಂಡಿನ ವುಸ್ಟರ್‌ಷೈರಿನಲ್ಲಿ ಮನೆಯ ಮುಂದೆ ಆಡಿಸುತ್ತಿದ್ದ ಡ್ರೋನೊಂದು ಮರಕ್ಕೆ ತಾಗಿ ತಪ್ಪಿ ಬಂದು, ಸುಮಾರು ಒಂದೂವರೆ ವರ್ಷದ ಮಗುವಿನ ಕಣ್ಣನ್ನು ಸೀಳಿತು. ಆ ಕಣ್ಣು ಹೋಯಿತು. ಹಾರಿಸುತ್ತಿದ್ದವನು ಆ ಕುಟುಂಬಕ್ಕೆ ಬೇಕಾದವನೇ. ಅದು ಡ್ರೋನು, ಅದರ ಬ್ಲೇಡುಗಳು ಹೆಲಿಯ ಬ್ಲೇಡಿನ ಮುಂದೆ ಏನೂ ಅಲ್ಲ ಎಂಬುದನ್ನು ನೆನಪಿಡೋಣ. ಒಂದರಲ್ಲಿ ಅನುಭವ ಕಾಪಾಡಲಿಲ್ಲ, ಇನ್ನೊಂದರಲ್ಲಿ ಪ್ರೀತಿ ಕಾಪಾಡಲಿಲ್ಲ. ನಾವು ಮಾತ್ರ ಇವೆರಡನ್ನೇ ನಮ್ಮ ರಕ್ಷೆ ಎಂದು ಹೇಳಿಕೊಳ್ಳುತ್ತಿದ್ದೇವೆ: ‘ನನಗೆ ಚೆನ್ನಾಗಿ ಬರುತ್ತೆ’, ‘ನನ್ನ ಮಗುವಿಗೆ ನಾನು ತೊಂದರೆ ಮಾಡ್ತೀನಾ?’

ಈ ಹವ್ಯಾಸ ಹುಟ್ಟಿದ ಕಾಲದಲ್ಲಿ ಈ ಸೊಕ್ಕಿಗೆ ಜಾಗವಿರಲಿಲ್ಲ. 1970ರ ಸುಮಾರಿಗೆ ಜರ್ಮನಿಯ ಡೀಟರ್ ಷ್ಲೂಟರ್ ಮಾದರಿ ಹೆಲಿಕಾಪ್ಟರನ್ನು ನಿಜಕ್ಕೂ ಹಿಡಿತದಲ್ಲಿಟ್ಟು ಹಾರಿಸಿ ತೋರಿಸಿದ ಮೇಲೂ ದಶಕಗಳ ಕಾಲ ಅದು ಹಟಮಾರಿ ಯಂತ್ರವಾಗಿಯೇ ಉಳಿದಿತ್ತು. ಕಲಿಯುವವನು ಅದರ ಕಾಲಿಗೆ ಅಡ್ಡಡ್ಡವಾಗಿ ಉದ್ದನೆಯ ಕಡ್ಡಿ ಕಟ್ಟಿ, ತುದಿಗೆ ಚೆಂಡು ಸಿಕ್ಕಿಸಿ, ಬಾಲ ತನ್ನ ಕಡೆ ಮಾಡಿಕೊಂಡು, ನೆಲದಿಂದ ಗೇಣೆತ್ತರ ಏಳಿಸಿ ಇಳಿಸುವುದರಲ್ಲೇ ವಾರಗಟ್ಟಲೆ ಕಳೆಯುತ್ತಿದ್ದ. ಕ್ಲಬ್ಬಿನಲ್ಲಿ ಹಲಗೆಯ ಮೇಲಿನ ಫ್ರೀಕ್ವೆನ್ಸಿ ಕ್ಲಿಪ್ಪು ಕೈಗೆ ಬರುವವರೆಗೆ ರೇಡಿಯೊ ಆನ್ ಮಾಡುವಂತಿರಲಿಲ್ಲ. ಮಾಡಿದರೆ ಅದೇ ಫ್ರೀಕ್ವೆನ್ಸಿಯಲ್ಲಿ ಆಕಾಶದಲ್ಲಿದ್ದ ಇನ್ನೊಬ್ಬನ ವಿಮಾನ ಕೆಳಗೆ ಬೀಳುತ್ತಿತ್ತು. ನಮ್ಮಲ್ಲೂ ಎನ್‌ಸಿಸಿಯ ವಾಯುದಳದಲ್ಲಿ ಬಾಲ್ಸಾ ಮರ ಕೊಯ್ದು, ಅಂಟು ಹಚ್ಚಿ, ಪುಟ್ಟ ಎಂಜಿನ್ನಿನ ಪ್ರೊಪೆಲ್ಲರಿಗೆ ಬೆರಳು ಕೊಟ್ಟು ಏಟು ತಿಂದು ಕಲಿತ ಒಂದು ತಲೆಮಾರಿತ್ತು. ಅವರಿಗೆ ಯಂತ್ರ ಸುಲಭವಾಗಿ ದಕ್ಕಲಿಲ್ಲ, ಆದ್ದರಿಂದ ಅದರ ಬಗ್ಗೆ ಅವರು ಹಗುರವಾಗಿ ನಡೆದುಕೊಳ್ಳಲಿಲ್ಲ. ಕಷ್ಟವೇ ಅವರಿಗೆ ಕಾವಲಾಗಿತ್ತು.

ಇಂದು ಆ ಕಾವಲು ಹೋಗಿದೆ. ಫ್ಲೈಬಾರ್‌ಲೆಸ್ ಕಂಟ್ರೋಲರು ಹೆಲಿಯನ್ನು ಕ್ಷಣಕ್ಷಣಕ್ಕೂ ತಿದ್ದಿ ನಿಲ್ಲಿಸುತ್ತದೆ. ಗಾಬರಿಯಾದರೆ ಒಂದು ಸ್ವಿಚ್ ಒತ್ತಿ, ಅದು ತಾನೇ ನೆಟ್ಟಗಾಗಿ ಮೇಲೇಳುತ್ತದೆ. 2.4 ಗಿಗಾಹರ್ಟ್ಸ್ ರೇಡಿಯೊ ಬಂದ ಮೇಲೆ ಕ್ಲಿಪ್ಪಿಗಾಗಿ ಕಾಯುವುದೂ ಇಲ್ಲ, ಹಿರಿಯರ ಮಾತು ಕೇಳಬೇಕಾದ ಕ್ಲಬ್ಬೂ ಬೇಕಿಲ್ಲ. ಕೊಂಡ ವಾರದಲ್ಲೇ ಹಾರಿಸಬಹುದು. ಇಲ್ಲಿಯೇ ನಮ್ಮ ದೊಡ್ಡ ಆತ್ಮವಂಚನೆ ಅಡಗಿದೆ. ಎಲೆಕ್ಟ್ರಾನಿಕ್ಸ್ ಸುಲಭ ಮಾಡಿದ್ದು ಹಾರಾಟವನ್ನು. ಬ್ಲೇಡಿನ ವೇಗವನ್ನು ಅದು ಒಂದು ಸುತ್ತೂ ತಗ್ಗಿಸಿಲ್ಲ. ಮಾಂಸ, ಮೂಳೆ ಗುರುತಿಸಿ ನಿಲ್ಲುವುದನ್ನು ಅದಕ್ಕೆ ಕಲಿಸಿಲ್ಲ. ಸುಲಭವಾಯಿತು ಎಂಬುದನ್ನೇ ಸುರಕ್ಷಿತವಾಯಿತು ಎಂದು ನಾವು ಓದಿಕೊಂಡಿದ್ದೇವೆ, ಮತ್ತು ಆ ತಪ್ಪು ಓದಿನ ಮೇಲೆ ಮಕ್ಕಳನ್ನು ನಿಲ್ಲಿಸಿದ್ದೇವೆ.

ಈ ಚಾಳಿ ಬೇರೂರುವುದು ನಡುಮನೆಯಲ್ಲಿ. ಮೊದಲು ಬರುವುದು ಮೂವತ್ತು ನಲವತ್ತು ಗ್ರಾಂ ತೂಕದ ಆಟಿಕೆ ಹೆಲಿ. ಅದು ಸೋಫಾಕ್ಕೆ ಬಡಿಯುತ್ತದೆ, ಫ್ಯಾನಿಗೆ ಸಿಕ್ಕಿಕೊಳ್ಳುತ್ತದೆ, ಮಗು ಅದನ್ನು ಹಾರುತ್ತಿರುವಾಗಲೇ ಕೈಯಲ್ಲಿ ಹಿಡಿಯುತ್ತದೆ, ಮನೆಮಂದಿ ಚಪ್ಪಾಳೆ ತಟ್ಟುತ್ತಾರೆ. ಕಣ್ಣಿಗೆ, ಬಿಚ್ಚಿದ ಕೂದಲಿಗೆ ಅದೂ ಕ್ಷೇಮವಲ್ಲ, ಇರಲಿ. ಅದಕ್ಕಿಂತ ದೊಡ್ಡ ಕೇಡೆಂದರೆ ಹೆಲಿಕಾಪ್ಟರ್ ಎಂದರೆ ಕೈಯಲ್ಲಿ ಹಿಡಿಯುವ ವಸ್ತು ಎಂಬ ಪಾಠ ಮಗುವಿನ ತಲೆಯಲ್ಲಿ ಅಚ್ಚೊತ್ತುತ್ತದೆ. ಆಮೇಲೆ ಅಪ್ಪನ ಆಸೆ ಬೆಳೆದು, 450 ಕ್ಲಾಸಿನದು ಬರುತ್ತದೆ, ಸುಮಾರು ಎಂಟುನೂರು ಗ್ರಾಂ. ಸಂಬಳ ಏರಿದರೆ 700 ಬರುತ್ತದೆ. ಯಂತ್ರದ ತೂಕ ನೂರು ಪಟ್ಟು ಏರಿತು. ಮನೆಯವರ ಅಭ್ಯಾಸ ಮಾತ್ರ ನಡುಮನೆಯಲ್ಲಿದ್ದದ್ದೇ. ನಿನ್ನೆಯವರೆಗೆ ಹಿಡಿ ಎಂದ ನಾವು ಇಂದು ಮುಟ್ಟಬೇಡ ಎಂದರೆ ನಾಲ್ಕು ವರ್ಷದ ಮಗುವಿಗೆ ಏನು ಅರ್ಥವಾಗಬೇಕು?

ಎಲ್ಲಕ್ಕಿಂತ ಮೋಸದ ಗಳಿಗೆ ಹೆಲಿ ಇಳಿದ ಮೇಲಿನದು. ಹಾರುವಷ್ಟು ಹೊತ್ತು ಎಲ್ಲರೂ ಹೇಗೋ ದೂರ ನಿಂತಿರುತ್ತಾರೆ. ಕಾಲು ನೆಲಕ್ಕೆ ತಾಗುತ್ತಲೇ ಆಟ ಮುಗಿಯಿತೆಂದು ಮಕ್ಕಳು ಓಡುತ್ತಾರೆ. ಆದರೆ ಮೋಟಾರು ನಿಂತರೂ ಬ್ಲೇಡು ನಿಲ್ಲುವುದಿಲ್ಲ. ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗ್ ಅದನ್ನು ಸ್ವತಂತ್ರವಾಗಿ ತಿರುಗಲು ಬಿಡುತ್ತದೆ, ಸದ್ದಡಗಿದ ಮೇಲೂ ಅದು ಸೆಕೆಂಡುಗಟ್ಟಲೆ ತಿರುಗುತ್ತಿರುತ್ತದೆ. ಬ್ಯಾಟರಿ ಸಿಕ್ಕಿಸುವ ಗಳಿಗೆಯೂ ಅಷ್ಟೇ. ಮೋಟಾರನ್ನು ತಡೆದಿಡುವ ಥ್ರಾಟಲ್ ಹೋಲ್ಡ್ ಸ್ವಿಚ್ ಹಾಕಿದೆಯೇ, ಬ್ಲೇಡನ್ನು ಹಾರಾಟದ ವೇಗಕ್ಕೇರಿಸುವ ಐಡಲ್ ಅಪ್ ಸ್ವಿಚ್ ಆಫ್ ಆಗಿದೆಯೇ, ರೇಡಿಯೊದಲ್ಲಿ ಆರಿಸಿದ ಮಾಡೆಲ್ ಇದೇ ಹೆಲಿಯದೇ ಎಂದು ನೋಡಲು ಹತ್ತು ಸೆಕೆಂಡು ಸಾಕು. ಆ ಹತ್ತು ಸೆಕೆಂಡನ್ನು ನಾವು ಮಗನ ಪ್ರಶ್ನೆಗೆ ಉತ್ತರಿಸುತ್ತಾ, ಫೋನಿನಲ್ಲಿ ಮಾತಾಡುತ್ತಾ ಕಳೆಯುತ್ತೇವೆ. ಮನೆಯೊಳಗೆ ಊಟದ ಮೇಜಿನ ಮೇಲೆ ಸೆಟ್ಟಿಂಗ್ ಮಾಡುವಾಗಲಂತೂ ಬ್ಲೇಡು ಬಿಚ್ಚುವ, ಮೋಟಾರಿನ ವೈರು ತೆಗೆದಿಡುವ ಗೊಡವೆಗೇ ಹೋಗುವುದಿಲ್ಲ. ಎದುರಿಗೆ ಹೋಮ್‌ವರ್ಕ್ ಮಾಡುತ್ತಾ ಮಗಳು ಕೂತಿರುತ್ತಾಳೆ.

ಇನ್ನು ಯಂತ್ರದ ಆರೈಕೆ. ಬೀಸುವ ಬ್ಲೇಡಿನ ಎಳೆತವನ್ನೆಲ್ಲ ಹೊತ್ತಿರುವುದು ಬೆರಳೆಣಿಕೆಯ ಬೋಲ್ಟುಗಳು. ಅವಕ್ಕೆ ಥ್ರೆಡ್‌ಲಾಕ್ ಅಂಟು ಹಾಕಿ ಬಿಗಿಮಾಡಬೇಕು, ಪ್ರತಿ ಹಾರಾಟಕ್ಕೂ ಮುಂಚೆ ಮುಟ್ಟಿ ನೋಡಬೇಕು. ಬ್ಲೇಡಿನ ಓರೆಯನ್ನು ನಿಯಂತ್ರಿಸುವ ಕೊಂಡಿಯಾದ ಬಾಲ್ ಲಿಂಕ್ ಒಂದು ಸವೆದು ಕಳಚಿದರೂ ಹೆಲಿ ಯಾರ ಮಾತನ್ನೂ ಕೇಳದೆ ತನಗೆ ಕಂಡ ದಿಕ್ಕಿಗೆ ನುಗ್ಗುತ್ತದೆ. ಒಮ್ಮೆ ನೆಲಕ್ಕೆ ಬಿದ್ದೆದ್ದ ಬ್ಲೇಡಿನಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು, ಅದನ್ನು ಬಿಸಾಡಬೇಕು. ನಾವು ಬಿಸಾಡುವುದಿಲ್ಲ. ದುಬಾರಿ ಎನ್ನುತ್ತೇವೆ, ಸೂಪರ್ ಗ್ಲೂ ಹಚ್ಚುತ್ತೇವೆ, ‘ನಡೆಯುತ್ತೆ ಬಿಡು’ ಎನ್ನುತ್ತೇವೆ. ಹೆಲಿಗೆಂದು ಲಕ್ಷ ಸುರಿದ ಕೈ, ಮಗುವಿನ ಮುಂದೆ ಬೀಸುವ ಬ್ಲೇಡಿಗೆ ಕೆಲವು ಸಾವಿರ ಬಿಚ್ಚಲು ಹಿಂದೆಮುಂದೆ ನೋಡುತ್ತದೆ. ರೇಡಿಯೊದ ಸಂಪರ್ಕ ಕಡಿದಾಗ ಮೋಟಾರು ನಿಲ್ಲುವಂತೆ ಫೇಲ್‌ಸೇಫ್ ಇಟ್ಟಿದ್ದೇವೆಯೇ ಎಂದು ಕೇಳಿದರೆ, ಬಹಳ ಜನರ ಉತ್ತರ ಮೌನ.

ಹಾರಾಟ ಮುಗಿಸಿ ಮನೆಗೆ ಬಂದ ಮೇಲೂ ಅಪಾಯ ಮುಗಿಯುವುದಿಲ್ಲ. ಬ್ಯಾಟರಿಯ ಜೊತೆ ಅದೂ ಒಳಗೆ ಬರುತ್ತದೆ. ಹನ್ನೆರಡು ಸೆಲ್ಲಿನ, 5,000 ಎಂಎಎಚ್‌ನ ಲಿಥಿಯಂ ಪಾಲಿಮರ್ ಪ್ಯಾಕಿನಲ್ಲಿ ತುಂಬಿರುವುದು ನಮ್ಮ ಮೊಬೈಲಿನ ಹತ್ತು ಪಟ್ಟಿಗೂ ಹೆಚ್ಚಿನ ಶಕ್ತಿ. ಬಿದ್ದು ಜಜ್ಜಿದ, ಉಬ್ಬಿದ, ಮಿತಿಮೀರಿ ಚಾರ್ಜ್ ಆದ ಪ್ಯಾಕ್ ಹೊತ್ತಿಕೊಂಡರೆ ಒಂದು ಸೆಲ್ಲಿನ ಬೆಂಕಿ ಇನ್ನೊಂದಕ್ಕೆ ಹಬ್ಬುತ್ತದೆ, ಕೋಣೆ ವಿಷದ ಹೊಗೆಯಿಂದ ತುಂಬುತ್ತದೆ. ಹಾರಿಸದ ದಿನಗಳಲ್ಲಿ ಸೆಲ್ಲಿಗೆ 3.8 ವೋಲ್ಟಿನ ಆಸುಪಾಸಿಗೆ ಇಳಿಸಿ ಇಡಬೇಕೆಂಬುದು, ಚಾರ್ಜ್ ಮಾಡುವಾಗ ಎದುರಿಗೇ ಇರಬೇಕೆಂಬುದು, ಬೆಂಕಿ ಹಿಡಿಯದ ಪೆಟ್ಟಿಗೆಯಲ್ಲಿ, ಪಕ್ಕದಲ್ಲಿ ಮರಳಿನ ಬಕೆಟ್ಟಿಟ್ಟುಕೊಂಡು ಮಾಡಬೇಕೆಂಬುದು ಈ ಹವ್ಯಾಸದ ಅಕ್ಷರಾಭ್ಯಾಸ. ನಾವೋ ಮಕ್ಕಳು ಮಲಗುವ ಕೋಣೆಯಲ್ಲಿ, ಮಂಚದ ಕೆಳಗೆ, ಬಟ್ಟೆಯ ಗಂಟಿನ ಪಕ್ಕ ಚಾರ್ಜಿಗೆ ಹಾಕಿ ದೀಪ ಆರಿಸಿ ಮಲಗುತ್ತೇವೆ. ನಾಳೆ ಬೆಳಿಗ್ಗೆ ಬೇಗ ಹೋಗಬೇಕಲ್ಲ!

ಕಾನೂನಿನ ಬಗ್ಗೆ ನಮ್ಮ ಧೋರಣೆಯೂ ಇದೇ ಜಾತಿಯದು. 2021ರ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳಿಂದ ‘ನಮ್ಮದು ಡ್ರೋನಲ್ಲ, ಹೆಲಿಕಾಪ್ಟರು’ ಎಂದು ನುಣುಚಿಕೊಳ್ಳುತ್ತೇವೆ. ಆ ನಿಯಮಗಳು ಮೇಲೆ ಬ್ಲೇಡು ತಿರುಗಿಸಿ ಹಾರುವ ಮಾನವರಹಿತ ಯಂತ್ರಗಳನ್ನೂ ಹೆಸರಿಸಿವೆ. ಎರಡು ಕಿಲೋ ದಾಟಿದ್ದು ಅವುಗಳ ಹಗುರ ವರ್ಗಗಳಾದ ನ್ಯಾನೋವೂ ಅಲ್ಲ, ಮೈಕ್ರೋವೂ ಅಲ್ಲ. ವಿನೋದಕ್ಕೆ ಹಾರಿಸುವುದೂ ಕಣ್ಣಳತೆಯೊಳಗೇ ಇರಬೇಕು. ವಿಮಾನ ನಿಲ್ದಾಣದ ಎಲ್ಲೆಯಿಂದ ಎಂಟು ಕಿಲೋಮೀಟರ್ ಒಳಗಿನ ಆಕಾಶ ಮುಕ್ತವಾಗಿ ಹಾರಿಸಬಹುದಾದ ಹಸಿರು ವಲಯವಲ್ಲ. ಎಚ್‌ಎಎಲ್ ರನ್‌ವೇಗೆ ಅಂಟಿಕೊಂಡಂತಿರುವ ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ನಿಂತು ಮೇಲೆ ಹೆಲಿ ಬಿಡುವವನಿಗೆ ಇದನ್ನು ತಿಳಿಯಲು ಒಂದು ಗಳಿಗೆ ಸಾಕು. ತಿಳಿಯುವುದಿಲ್ಲ. ಅಪಾರ್ಟ್‌ಮೆಂಟಿನ ಸಂಘಗಳು ಮಕ್ಕಳ ಕ್ರಿಕೆಟ್ಟಿನಿಂದ ಕಿಟಕಿ ಗಾಜು ಒಡೆಯುತ್ತದೆಂದು ಬೋರ್ಡ್ ಹಾಕುತ್ತವೆ. ಅದೇ ಅಂಗಳದಲ್ಲಿ ಬ್ಲೇಡು ಬೀಸುವವರಿಗೆ ಸ್ವಾತಂತ್ರ್ಯೋತ್ಸವದಂದು ಮೈಕ್ ಕೊಟ್ಟು ಪ್ರದರ್ಶನ ಇಡಿಸುತ್ತವೆ. ಗಾಜಿಗಿರುವ ಬೆಲೆ ಕಣ್ಣಿಗಿಲ್ಲ.

ಕಣ್ಣಿನ ಬೆಲೆ ತಿಳಿಯಬೇಕೆಂದರೆ ದೀಪಾವಳಿಯ ರಾತ್ರಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಹೋಗಿ ನಿಲ್ಲಬೇಕು. ವರ್ಷವರ್ಷವೂ ಅಲ್ಲಿಗೆ ಮಕ್ಕಳು ಬರುತ್ತಾರೆ, ಮತ್ತು ಅವರಲ್ಲಿ ಎಷ್ಟೋ ಮಂದಿ ಪಟಾಕಿ ಹಚ್ಚಿದವರಲ್ಲ, ಬರೀ ನೋಡುತ್ತಾ ನಿಂತಿದ್ದವರು. ಮರುದಿನ ಪತ್ರಿಕೆಯಲ್ಲಿ ಓದಿ ನಾವು ಲೊಚಗುಟ್ಟುತ್ತೇವೆ, ಮುಂದಿನ ವರ್ಷ ಮತ್ತೆ ಮಗುವನ್ನು ಅಲ್ಲೇ ನಿಲ್ಲಿಸುತ್ತೇವೆ. ಇನ್ನೊಬ್ಬರ ಮೋಜಿಗೆ ನೋಡುವವರು ದಂಡ ತೆರುವುದು ನಮ್ಮಲ್ಲಿ ಒಂದು ಪದ್ಧತಿಯೇ ಆಗಿಹೋಗಿದೆ. ಹೆಲಿಕಾಪ್ಟರಿನ ಹವ್ಯಾಸ ಆ ಪದ್ಧತಿಯ ಹೊಸ ಶಾಖೆ ಅಷ್ಟೆ. ಹಾರಿಸುವವನಿಗೆ ಅಪಾಯದ ಅರಿವಿದೆ, ಅದನ್ನು ಅವನೇ ಆರಿಸಿಕೊಂಡಿದ್ದಾನೆ. ಕುರ್ಚಿಯಲ್ಲಿ ಕೂತ ಅಜ್ಜ ಆರಿಸಿಕೊಂಡಿಲ್ಲ; ಅಜ್ಜನ ತೊಡೆಯ ಮೇಲಿನ ಮೊಮ್ಮಗಳಿಗೆ ಆರಿಸಿಕೊಳ್ಳುವ ವಯಸ್ಸೇ ಆಗಿಲ್ಲ.

ಮಾಡಬೇಕಾದದ್ದು ರಹಸ್ಯವೇನಲ್ಲ, ಕಷ್ಟವೂ ಅಲ್ಲ. ಊರಾಚೆಯ ಬಯಲು, ಹಾರಿಸುವವನ ಬೆನ್ನ ಹಿಂದೆ, ಬಲು ದೂರದಲ್ಲಿ, ಒಬ್ಬ ದೊಡ್ಡವರ ಕೈ ಹಿಡಿದು ನಿಂತ ಮಕ್ಕಳು. ಹೆಲಿಯನ್ನು ಹತ್ತಾರು ಹೆಜ್ಜೆ ಆಚೆ ಒಯ್ದಿಟ್ಟು, ಹಿಂದೆ ಬಂದು ನಿಂತ ಮೇಲೆಯೇ ಮೋಟಾರು. ಜನರ ತಲೆಯ ಮೇಲೆ, ಜನರ ಕಡೆಗೆ ಎಂದೂ ಹಾರಾಟವಿಲ್ಲ. ಬ್ಲೇಡು ಪೂರ್ತಿ ನಿಂತು, ಬ್ಯಾಟರಿ ಕಳಚುವವರೆಗೆ ಯಾರೂ ಕದಲುವಂತಿಲ್ಲ. ಹತ್ತಿರ ಬರಲು ಮಗು ಅತ್ತರೆ ಅಳಲಿ. ಅತ್ತೆ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ವಿಡಿಯೊ ಚೆನ್ನಾಗಿ ಬರದಿದ್ದರೆ ಬಾರದಿರಲಿ. ಇಷ್ಟೂ ತಾಳ್ಮೆಯಿಲ್ಲದವರು ಆ ಯಂತ್ರವನ್ನು ಈ ವಾರವೇ ಮಾರಿಬಿಡುವುದು ಮರ್ಯಾದೆ. ‘ಏನೂ ಆಗಲ್ಲ’ ಎಂದು ಕರೆದವರು ನಾವು. ಏನಾದರೂ ಆದ ದಿನ ಅದನ್ನು ಆಕಸ್ಮಿಕ ಎಂದು ಕರೆಯುವ ಹಕ್ಕು ನಮಗಿರುವುದಿಲ್ಲ.